ತಪ್ಪು ಕಚೇರಿಯದು, ಕಡಿತ ಸಂಬಳದ್ದು: ಸಹಿ ಹಾಕುವ ಮುನ್ನ

ಲೆಕ್ಕಪತ್ರ ವಿಭಾಗವು ತನ್ನ ಪ್ರಮಾದವನ್ನು ತಡವಾಗಿ ಕಂಡುಕೊಂಡು, ಹಿಂದೆ ಹಿಡಿಯದೆ ಬಿಟ್ಟ ಹಣವನ್ನೆಲ್ಲ ಒಂದೇ ತಿಂಗಳ ಸಂಬಳದಲ್ಲಿ ಮುರಿದುಕೊಳ್ಳಲು ಹೊರಟಾಗ, ಬಹುಮಂದಿ ನೌಕರರು ಕಾರಣವನ್ನೂ ಕೇಳದೆ ತಲೆಬಾಗುವುದನ್ನು ನಾನು ನೋಡುತ್ತ ಬಂದಿದ್ದೇನೆ. ಕಚೇರಿ ಬಾಕಿಯೆಂದು ಬರೆದ ಮಾತ್ರಕ್ಕೆ ಅದು ನಿಮ್ಮ ಋಣವಾಗದು.

ಮೊದಲು ಯಾವ ತಿಂಗಳು, ಯಾವ ಬಾಬ್ತು, ಎಷ್ಟು ರೂಪಾಯಿ ಎಂಬುದನ್ನು ಲಿಖಿತವಾಗಿ ಪಡೆಯತಕ್ಕದ್ದು. ಬಳಿಕ ಸಂಬಳಚೀಟಿಗಳನ್ನು ಪಿ.ಎಫ್. ಪಾಸ್‌ಬುಕ್ಕಿನೊಡನೆಯೂ, ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾದ ತೆರಿಗೆಯ ಪಟ್ಟಿಯೊಡನೆಯೂ ತಾಳೆ ನೋಡಿರಿ.

ಆದಾಯ ತೆರಿಗೆಯಾದರೆ, ಕಚೇರಿ ಹಿಡಿಯಲು ಮರೆತರೂ ಹೊಣೆ ನಿಮ್ಮದೇ. ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟದಿದ್ದರೆ ಮಾತ್ರ ಅದನ್ನು ಮತ್ತೆ ನಿಮ್ಮಿಂದ ವಸೂಲುಮಾಡಲಾಗದು. ಪಿ.ಎಫ್. ವಿಷಯ ಬೇರೆ. 1952ರ ಯೋಜನೆಯ 32ನೆಯ ಕಂಡಿಕೆಯಂತೆ ನೌಕರನ ವಂತಿಗೆಯನ್ನು ಆಯಾ ಅವಧಿಯ ವೇತನದಿಂದಲೇ ಹಿಡಿಯಬೇಕು. ಆಕಸ್ಮಿಕ ಪ್ರಮಾದದಿಂದಲೋ ಗುಮಾಸ್ತರ ಕೈತಪ್ಪಿನಿಂದಲೋ ಬಿಟ್ಟುಹೋಗಿದ್ದಲ್ಲಿ, ಇನ್‌ಸ್ಪೆಕ್ಟರರ ಲಿಖಿತ ಸಮ್ಮತಿಯಿದ್ದರಷ್ಟೇ ಮುಂದಿನ ವೇತನಕ್ಕೆ ಕೈಹಾಕಬಹುದು. ಆ ಸಮ್ಮತಿಯ ಪ್ರತಿಯನ್ನು ಸಂಕೋಚವಿಲ್ಲದೆ ಕೇಳಿರಿ.

ಇನ್ನು ಸರ್ಕಾರಿ ನೌಕರರಿಗೆ ಹೆಚ್ಚಾಗಿ ಸಂದಾಯವಾದ ವೇತನ. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಫೀಕ್ ಮಸೀಹ್ ಮೊಕದ್ದಮೆಯಲ್ಲಿ, ಮೂರನೆಯ ಮತ್ತು ನಾಲ್ಕನೆಯ ದರ್ಜೆಯವರಿಂದಲೂ, ನಿವೃತ್ತರಾದವರಿಂದ ಅಥವಾ ವರ್ಷದೊಳಗೆ ನಿವೃತ್ತರಾಗುವವರಿಂದಲೂ, ವಸೂಲಿಯ ಆದೇಶಕ್ಕೆ ಮುನ್ನ ಐದು ವರ್ಷಗಳಿಗೂ ಮೀರಿ ಹೆಚ್ಚು ಹಣ ಸಂದಾಯವಾಗುತ್ತ ಬಂದಿದ್ದರೆ ಅಂಥವರಿಂದಲೂ ಅದನ್ನು ಹಿಂದಕ್ಕೆ ಪಡೆಯಲಾಗದೆಂದು ವಿಧಿಸಿತು.

ಆದರೆ ಈ ರಕ್ಷಣೆಯನ್ನು ನಮ್ಮವರು ತಮ್ಮ ಕೈಯಾರೆ ಕಳೆದುಕೊಳ್ಳುವುದು ಒಂದು ಸಹಿಯಿಂದ. ವೇತನ ಪರಿಷ್ಕರಣೆಯ ಸಂಭ್ರಮದಲ್ಲಿ, ಹೆಚ್ಚು ಹಣ ಬಂದಿದ್ದರೆ ಹಿಂದಿರುಗಿಸುತ್ತೇನೆಂಬ ಮುಚ್ಚಳಿಕೆಯನ್ನು ಹತ್ತು ಕಾಗದಗಳ ನಡುವೆ ಇರಿಸಿಕೊಟ್ಟರೆ ಓದುವವರಾರು? 2016ರಲ್ಲಿ ಜಗದೇವ್ ಸಿಂಗ್ ಮೊಕದ್ದಮೆಯಲ್ಲಿ ಅದೇ ಕೋರ್ಟು, ಇಂತಹ ಮುಚ್ಚಳಿಕೆ ಬರೆದುಕೊಟ್ಟಿದ್ದ ನಿವೃತ್ತ ನ್ಯಾಯಾಂಗ ಅಧಿಕಾರಿಯೊಬ್ಬರಿಂದ ಹಣವನ್ನು ವಸೂಲುಮಾಡಬಹುದೆಂದು ತೀರ್ಪಿತ್ತು, ಎರಡು ವರ್ಷಗಳ ಕಂತುಗಳನ್ನಷ್ಟೇ ಕರುಣಿಸಿತು. ನ್ಯಾಯ ಹೇಳುತ್ತಿದ್ದವರಿಗೇ ಹೀಗಾದ ಮೇಲೆ ಉಳಿದವರು ಎಷ್ಟು ಎಚ್ಚರದಿಂದಿರಬೇಕು! ಕಾಗದವನ್ನು ಮನೆಗೆ ಒಯ್ದು ಓದುತ್ತೇನೆನ್ನಿ. ಕೊಡಲೊಪ್ಪದಿದ್ದರೆ ಒಂದು ನಕಲನ್ನಾದರೂ ಪಡೆದ ಬಳಿಕವೇ ಸಹಿ ಹಾಕಿರಿ.

ಬಾಕಿ ನಿಜವಾಗಿದ್ದರೆ ಕಂತುಗಳನ್ನು ಕೋರಿ ಬರೆಯಿರಿ. ವೇತನ ಕಾನೂನಿನಂತೆ ಸಾಮಾನ್ಯವಾಗಿ ಒಟ್ಟು ಕಡಿತವು ವೇತನದ ಅರ್ಧವನ್ನು ಮೀರಕೂಡದು. ಮೀರಿದರೆ ಖಾಸಗಿ ನೌಕರರು ಸಂಬಳಚೀಟಿಗಳೊಡನೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಬಹುದು.