ಅರ್ಧ ನೋಡಿದ ನಾಟಕ

ಜಗಳೂರಿನ ಗಂಡನ ಮನೆಯಿಂದ ನಮ್ಮಕ್ಕ ಚನ್ನಗಿರಿಯ ತವರಿಗೆ ಬಂದಿದ್ದು 2025ರ ಜನವರಿಯಲ್ಲಿ, ಕ್ಷಯ ಅಂತ ಗೊತ್ತಾದ ವಾರದಲ್ಲೇ. ತೂಕ 41 ಕೆಜಿಗೆ ಇಳಿದಿತ್ತು. ಆ ತೂಕಕ್ಕೆ ದಿನಕ್ಕೆ ಮೂರು ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ್ದು, ಆಮೇಲಿನ ನಾಲ್ಕು ತಿಂಗಳು ಮೂರು ಔಷಧದ್ದು. ಮಾತ್ರೆಗೆ ದುಡ್ಡಿಲ್ಲ. ಪೌಷ್ಟಿಕ ಊಟಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, ಈಗ ಅದು 1000 ಆಗಿದೆ. ಅಕ್ಕನ ಪಾಲಿನದು ಮೊಟ್ಟೆಗೂ ಶೇಂಗಾ ಉಂಡೆಗೂ ಹೋಗುತ್ತಿತ್ತು.

ಔಷಧದ ಲೆಕ್ಕ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು. ಉಳಿದದ್ದಕ್ಕೆಲ್ಲ "ವಾಸಿಯಾದ ಮೇಲೆ ನೋಡೋಣ" ಎನ್ನುವ ಒಂದೇ ಉತ್ತರ. ಯುಗಾದಿಯ ಸೀರೆ ಮಡಿಕೆ ಬಿಚ್ಚದೆ ಟ್ರಂಕು ಸೇರಿತು. ಅಕ್ಕ ಕಿಟಕಿಯ ಪಕ್ಕ ಕೂತು ಓಣಿಯ ಮಕ್ಕಳು ಆಡುವುದನ್ನು ನೋಡುತ್ತಿದ್ದಳು. ಆ ತಡೆ ನಾವೇ ಹಾಕಿದ್ದು, ರೋಗದ್ದಲ್ಲ.

ರಾಮನವಮಿ ಏಪ್ರಿಲ್ 6ಕ್ಕೆ ಬಂತು. ಓಣಿಯ ತುದಿಯಲ್ಲಿ ಚಪ್ಪರ ಹಾಕಿ ಪಾನಕ, ನೀರು ಮಜ್ಜಿಗೆ, ಕೋಸಂಬರಿ ಹಂಚುತ್ತಿದ್ದರು. ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದು ಆಗಲೇ ಎರಡು ವಾರ. ಆದರೂ ಅಕ್ಕ ಮನೆಯಿಂದ ತನ್ನದೇ ಸ್ಟೀಲ್ ಲೋಟ ತಂದು, ಸೆರಗಿನ ಮರೆಯಲ್ಲಿ ಹಿಡಿದು ಸಾಲಿನ ಕೊನೆಗೆ ನಿಂತಳು. ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಯಿಂದ, ಲೋಟ ತಟ್ಟೆಯಿಂದಲ್ಲ ಎಂದು ಆರೋಗ್ಯ ಕಾರ್ಯಕರ್ತೆ ಮೂರು ಸಲ ಹೇಳಿ ಹೋಗಿದ್ದರು. ಹೇಳಿದ್ದು ತಲೆಗೆ ಹೋಗಿತ್ತು, ಕೈಗೆ ಬಂದಿರಲಿಲ್ಲ. ಪಾನಕ ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿ ಆ ಲೋಟವನ್ನು ಇಸಿದುಕೊಂಡು ತುಂಬಿಸಿದರು. ಬೆಲ್ಲ ಸರಿ ಇದೆಯೇ ಎಂದು ಅದರಿಂದಲೇ ಒಂದು ಗುಟುಕು ಎತ್ತಿ ಕುಡಿದು, "ಸ್ವಲ್ಪ ಏಲಕ್ಕಿ ಕಮ್ಮಿ ಆಗೇತಿ, ಕುಡಿ ಮಗಳೆ" ಎಂದು ವಾಪಸು ಕೊಟ್ಟರು. ಅಕ್ಕ ಅಲ್ಲೇ ನಿಂತು ಎರಡು ಲೋಟ ಕುಡಿದಳು. ಸಂಜೆ ಟ್ರಂಕಿನಿಂದ ಸೀರೆ ಹೊರಗೆ ಬಂತು.

ಅಲ್ಲಿಂದ ಸಣ್ಣ ಸಣ್ಣ ಓಡಾಟ ಶುರುವಾಯಿತು. ಒಂದೊಂದಕ್ಕೂ ಅಳತೆಯಿತ್ತು: ಬಿಸಿಲು ಇಳಿದ ಮೇಲೆ ಹೊರಡುವುದು, ದಣಿವಾಗುವ ಮೊದಲೇ ಎದ್ದು ಬರುವುದು. ಸೂಳೆಕೆರೆಯ ಏರಿಯ ಮೇಲೆ ಅರ್ಧ ತಾಸು. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ ಈ ಕೆರೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ್ದು. ಬೇಸಿಗೆಯಲ್ಲೂ ನೀರಿನ ಮೇಲಿಂದ ತಂಪು ಗಾಳಿ ಬೀಸುತ್ತದೆ, ಎದೆ ತುಂಬ ಎಳೆದುಕೊಂಡರೂ ಕೆಮ್ಮು ಬರಲಿಲ್ಲ. ಇನ್ನೊಂದು ದಿನ ಸಂತೇಬೆನ್ನೂರಿನ ಪುಷ್ಕರಣಿ. ಮೆಟ್ಟಿಲು ಪೂರ್ತಿ ಇಳಿಯದೆ, ಮೇಲಿನ ಸಾಲಿನಲ್ಲೇ ಕೂತು ಮಂಟಪ ನೋಡಿ ಬಂದಳು.

ಮೇ ತಿಂಗಳಲ್ಲಿ ನ್ಯಾಮತಿ ಕಡೆಯ ಚಿಕ್ಕಮ್ಮನ ಊರಿನ ಜಾತ್ರೆ. ಬಸ್ಸು ಹೊನ್ನಾಳಿ ದಾಟುವಾಗ ತುಂಗಭದ್ರೆ ಸೊರಗಿ, ಬಂಡೆಗಳ ನಡುವೆ ಹರಿಯುತ್ತಿದ್ದಳು. ತೇರಿಗೆ ಬಾಳೆಹಣ್ಣು ಎಸೆದು, ಬೆಂಡು ಬತ್ತಾಸು ಕೊಂಡು ಬರುವಷ್ಟರಲ್ಲಿ ಅಕ್ಕನ ಮುಖ ಬಾಡಿತ್ತು. ರಾತ್ರಿ ಊರ ಹುಡುಗರ ಸಾಮಾಜಿಕ ನಾಟಕ. ಪರದೆ ಏಳುವಾಗಲೇ ಹತ್ತೂವರೆ. ಬೆಳಗಿನ ತನಕ ಕೂರುವುದು ಆಗದ ಮಾತು. ಹನ್ನೆರಡಕ್ಕೆ, ಗೌಡ ತಮ್ಮನನ್ನು ಮನೆಯಿಂದ ಹೊರಗೆ ಹಾಕುವ ದೃಶ್ಯಕ್ಕೆ, ಅಕ್ಕ ತಾನಾಗಿಯೇ ಚಾಪೆ ಸುತ್ತಿಕೊಂಡು ಎದ್ದಳು.

ಬೆಳಿಗ್ಗೆ ಮಾತ್ರೆ ನುಂಗಿ ಮಂಡಕ್ಕಿ ಒಗ್ಗರಣೆಗೆ ಕಾಯುತ್ತಿದ್ದವಳು ಚಿಕ್ಕಮ್ಮನ ಮಗಳನ್ನು ಕೇಳಿದಳು: "ಆ ತಮ್ಮ ಏನಾದನೇ ಆಮೇಲೆ?" ಇಡೀ ರಾತ್ರಿ ಎದ್ದಿದ್ದ ಹುಡುಗಿ, ಕಣ್ಣು ಕೆಂಪಾಗಿದ್ದರೂ, ಪಡಸಾಲೆಯ ಕಂಬವನ್ನೇ ಗೌಡನನ್ನಾಗಿ ಮಾಡಿಕೊಂಡು ಉಳಿದ ದೃಶ್ಯಗಳನ್ನು ಒಂದೊಂದಾಗಿ ಆಡಿ ತೋರಿಸಿದಳು. ಹಾರ್ಮೋನಿಯಂ ಪೆಟ್ಟಿಗೆಯ ಸದ್ದನ್ನೂ ಬಾಯಲ್ಲೇ ಹಾಕಿದಳು. ಅಕ್ಕ ಶೇಂಗಾ ಸುಲಿಯುವುದನ್ನು ಮರೆತು ಕೇಳುತ್ತಿದ್ದಳು. ತಮ್ಮ ಮಿಲಿಟರಿ ಸೇರಿ ವಾಪಸು ಬಂದು, ಗೌಡ ಅವನ ಕಾಲಿಗೆ ಬೀಳುವಾಗ, "ಇನ್ನೊಂದ್ ಸಲ ಮಾಡೇ ಅದನ್ನ" ಎಂದಳು.