ಶಾಲೆಯಿಂದ ಬಂದ ಮಗುವಿಗೆ ಐದು ನಿಮಿಷದ ಖಾರದ ತಿಂಡಿ

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದವನೇ ಚಿಪ್ಸ್ ಇಲ್ಲವೇ ನೂಡಲ್ಸ್ ಬೇಕೆಂದು ಹಟ ಹಿಡಿಯುತ್ತಾನೆ. ಅದನ್ನು ತಿಂದರೆ ರಾತ್ರಿ ಊಟ ಸೇರುವುದಿಲ್ಲ. ಮನೆಯಲ್ಲಿರುವ ಸಾಮಾನಿನಲ್ಲೇ ಬೇಗ ಮಾಡಿಕೊಡಬಹುದಾದ ತಿಂಡಿ ಯಾವುದು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಧ್ಯಾಹ್ನ ಒಂದು ಗಂಟೆಯೊಳಗೆ ಡಬ್ಬಿ ಊಟ ಮುಗಿಸಿದ ಮಗುವಿಗೆ ಆ ಹೊತ್ತಿಗೆ ಹಸಿವಾಗುವುದು ಸಹಜ. ಬೆಳೆಯುವ ವಯಸ್ಸಿನಲ್ಲಿ ಸಂಜೆಯ ತಿಂಡಿ ಬೇಕೇ ಬೇಕು.

ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕಾಗಿಯೇ ಇಲ್ಲದ ತಿಂಡಿ ಗಿರ್ಮಿಟ್. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು ಸಿಡಿಸಿ, ಈರುಳ್ಳಿ ಬಾಡಿಸಿ, ಅರಿಶಿನ, ಹುಣಸೆರಸ, ಚೂರು ಬೆಲ್ಲ ಹಾಕಿ ಕುದಿಸಿಕೊಳ್ಳಿ. ಇಷ್ಟನ್ನು ಬೆಳಗ್ಗೆಯೇ ಮಾಡಿ ಫ್ರಿಜ್‌ನಲ್ಲಿಡಬಹುದು. ಮಗು ಕೈಕಾಲು ತೊಳೆದು ಬರುವಷ್ಟರಲ್ಲಿ ಅದನ್ನು ಬಿಸಿ ಮಾಡಿ ಚುರುಮುರಿಗೆ ಕಲಸಿ, ಪುಟಾಣಿ ಹಿಟ್ಟು, ಹಸಿ ಈರುಳ್ಳಿ, ಟೊಮೆಟೊ, ಕೊತ್ತಂಬರಿ ಉದುರಿಸಿದರಾಯಿತು. ಕಲಸಿದ ಕೂಡಲೇ ತಿನ್ನಬೇಕು, ತಡವಾದರೆ ಚುರುಮುರಿ ಮೆತ್ತಗಾಗುತ್ತದೆ.

ಪುಟಾಣಿ ಹಿಟ್ಟಿನಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. 100 ಗ್ರಾಂ ಚುರುಮುರಿಯಲ್ಲಿ ಪ್ರೋಟೀನ್ 7 ಗ್ರಾಂ ಆಸುಪಾಸು. ಅಷ್ಟೇ ತೂಕದ ಪುಟಾಣಿಯಲ್ಲಿ ಸುಮಾರು 20 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ. ಬರೀ ಚುರುಮುರಿ ಬೇಗ ಅರಗಿ ಮತ್ತೆ ಹಸಿವಾಗುತ್ತದೆ. ಒಂದು ಸಣ್ಣ ಬಟ್ಟಲಿಗೆ ಎರಡು ಚಮಚ ಹಿಟ್ಟು, ಮಗುವಿನ ಮುಷ್ಟಿಯಷ್ಟು ಹುರಿದ ಶೇಂಗಾ ಸೇರಿಸಿ, ಐದು ಗಂಟೆಯೊಳಗೆ ತಿನ್ನಿಸಿ. ಎಂಟರ ಊಟಕ್ಕೆ ಹಸಿವು ತಾನಾಗಿ ಬರುತ್ತದೆ.

ಒಲೆ ಹಚ್ಚಲೂ ಪುರುಸೊತ್ತಿಲ್ಲದ ದಿನ ಹಚ್ಚಿದ ಅವಲಕ್ಕಿ ಮಾಡಿ. ತೆಳು ಅವಲಕ್ಕಿಯನ್ನು ನೆನೆಸಬೇಕಿಲ್ಲ. ಕಾಯಿತುರಿ, ಸೌತೆಕಾಯಿ, ಶೇಂಗಾ ಪುಡಿ ಬೆರೆಸಿ ನಿಂಬೆಹಣ್ಣು ಹಿಂಡಿ. ನಿಂಬೆಯ ವಿಟಮಿನ್ ಸಿ, ಅವಲಕ್ಕಿ ಮತ್ತು ಶೇಂಗಾದ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಜೊತೆಗೆ ಚಹಾ ಬೇಡ, ಅದು ಕಬ್ಬಿಣಾಂಶಕ್ಕೆ ಅಡ್ಡಿ. ನೀರು ಅಥವಾ ಮಜ್ಜಿಗೆ ಸಾಕು.

ಉಪ್ಪಿನ ಲೆಕ್ಕ ಮರೆಯಬೇಡಿ. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ. ನೂಡಲ್ಸ್ ಪೊಟ್ಟಣದ ಹಿಂಬದಿಯಲ್ಲಿ ಸೋಡಿಯಂ ಎಷ್ಟಿದೆ ನೋಡಿ: 400 ಮಿಲಿಗ್ರಾಂ ಎಂದರೆ 1 ಗ್ರಾಂ ಉಪ್ಪು. ಚುರುಮುರಿಯಲ್ಲೂ ಮೊದಲೇ ಉಪ್ಪಿರುತ್ತದೆ, ಆದ್ದರಿಂದ ರುಚಿ ನೋಡಿಯೇ ಹಾಕಿ.

ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಇಡೀ ಶೇಂಗಾ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಪುಡಿ ಮಾಡಿ ಕೊಡಿ. ಬೂಸ್ಟು ಹಿಡಿದ ಶೇಂಗಾ ಯಾರಿಗೂ ಬೇಡ. ಶೇಂಗಾ ತಿಂದೊಡನೆ ದದ್ದು, ತುಟಿ ಊತ ಕಂಡರೆ ಅಲರ್ಜಿ ಇರಬಹುದು, ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಚೆನ್ನಾಗಿ ತಿಂದರೂ ಮಗು ಸೊರಗುತ್ತಿದ್ದರೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ತಿಂಡಿ ಬದಲಿಸುತ್ತ ಕೂರಬೇಡಿ. ಅದು ಮಕ್ಕಳ ಮಧುಮೇಹದ ಲಕ್ಷಣವಿರಬಹುದು. ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.