ಸಾತ್ತ್ವಿಕಾಹಾರವೂ ಶರೀರದ ಆರೋಗ್ಯವೂ

ಆಷಾಢ ಶುಕ್ಲಪಕ್ಷದಲ್ಲಿ ಚಾತುರ್ಮಾಸ್ಯದ ಸಂಕಲ್ಪವಾಗುತ್ತಲೇ ನಮ್ಮ ಮನೆಗಳಲ್ಲಿ ಆಹಾರದ ವಿಚಾರವು ಮುಂದೆ ಬರುತ್ತದೆ. ಈ ಸಂದರ್ಭದಲ್ಲಿ ಕಾಲೇಜಿಗೆ ಹೋಗುವ ಮಕ್ಕಳು, “ಸಸ್ಯಾಹಾರಿಗಳು ಮಾಂಸಾಹಾರಿಗಳಿಗಿಂತ ನಿಜವಾಗಿಯೂ ಆರೋಗ್ಯವಂತರೇ?” ಎಂದು ಕೇಳುವುದುಂಟು. ಈ ಪ್ರಶ್ನೆಗೆ ಹಿರಿಯರು ವಿಚಾರಪೂರ್ವಕವಾದ ಉತ್ತರವನ್ನು ಕೊಡತಕ್ಕದ್ದು.

ನಾವು ಮಾಂಸವನ್ನು ವರ್ಜಿಸಿರುವುದಕ್ಕೆ ಆರೋಗ್ಯದ ಲೆಕ್ಕಾಚಾರವು ಮೂಲಕಾರಣವಲ್ಲ. ಅಹಿಂಸೆ, ಮತ್ತು ಭಗವಂತನಿಗೆ ನಿವೇದಿಸಿದ್ದನ್ನೇ ಉಣ್ಣಬೇಕೆಂಬ ನಿಯಮ, ಇವೇ ಅದರ ಮೂಲ. ಯಜ್ಞದಲ್ಲಿಯೂ ಜೀವಂತ ಪಶುವಿನ ಬದಲು ಹಿಟ್ಟಿನಿಂದ ಮಾಡಿದ ಪಿಷ್ಟಪಶುವನ್ನು ಉಪಯೋಗಿಸುವುದು ಮಾಧ್ವ ಸಂಪ್ರದಾಯ. ಆದರೆ ಗೀತೆಯ 17ನೆಯ ಅಧ್ಯಾಯವು ಸಾತ್ತ್ವಿಕಾಹಾರದ ಲಕ್ಷಣಗಳಲ್ಲಿ ಆಯುಸ್ಸು, ಬಲ ಮತ್ತು ಆರೋಗ್ಯಗಳ ವೃದ್ಧಿಯನ್ನೂ ಸೇರಿಸಿದೆ. ಅತಿಯಾದ ಹುಳಿ, ಉಪ್ಪು, ಖಾರಗಳ ಊಟವನ್ನು ರಾಜಸವೆಂದಿದೆ. ಆದುದರಿಂದ ಮಾಂಸವಿಲ್ಲದ ಮಾತ್ರಕ್ಕೆ ಎಲ್ಲ ಊಟವೂ ಸಾತ್ತ್ವಿಕವಾಗಲಾರದು.

ಆಧುನಿಕ ಶಾಸ್ತ್ರದ ಮಾತೂ ಇದಕ್ಕೆ ಸಮೀಪವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ, ಉಪ್ಪು ಹಾಕಿ ಅಥವಾ ಹೊಗೆಯಾಡಿಸಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ದಿನಕ್ಕೆ 50 ಗ್ರಾಂ ಇಂಥ ಮಾಂಸವನ್ನು ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯವು ಸುಮಾರು ಶೇಕಡಾ 18ರಷ್ಟು ಹೆಚ್ಚುವುದೆಂದು ತಿಳಿಸಿತು. ಆಕ್ಸ್‌ಫರ್ಡಿನ ಸಂಶೋಧಕರು ಬ್ರಿಟನ್ನಿನ ಸುಮಾರು 48 ಸಾವಿರ ಜನರನ್ನು 18 ವರ್ಷಗಳ ಕಾಲ ಗಮನಿಸಿ 2019ರಲ್ಲಿ ವರದಿಯನ್ನು ಪ್ರಕಟಿಸಿದರು. ಅದರಂತೆ, ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳಲ್ಲಿ ರಕ್ತನಾಳಗಳ ಅಡಚಣೆಯಿಂದಾಗುವ ಹೃದ್ರೋಗವು ಶೇಕಡಾ 22ರಷ್ಟು ಕಡಿಮೆ. ಆದರೆ ಮೆದುಳಿನ ಆಘಾತ ಶೇಕಡಾ 20ರಷ್ಟು ಹೆಚ್ಚು. ಲಾಭವಿರುವಲ್ಲಿ ಎಚ್ಚರವೂ ಬೇಕೆಂಬುದಕ್ಕೆ ಇದು ನಿದರ್ಶನ.

ನಮ್ಮವರು ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ಬಿ-12 ಎಂಬ ಜೀವಸತ್ತ್ವದ ವಿಷಯದಲ್ಲಿ. ಸೂಕ್ಷ್ಮಜೀವಿಗಳಿಂದ ಉತ್ಪನ್ನವಾಗುವ ಇದು ಕಾಯಿಪಲ್ಯ, ಕಾಳು, ಧಾನ್ಯಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರುಗಳೇ ಇದರ ಆಧಾರ. ಇದು ಕಡಿಮೆಯಾದರೆ ಆಯಾಸ, ರಕ್ತಹೀನತೆ, ಕೈಕಾಲುಗಳಲ್ಲಿ ಜೋಮು, ಮರೆವು ಕಾಣಿಸಿಕೊಳ್ಳಬಹುದು. ಇವನ್ನು “ವಯಸ್ಸಾಯಿತು” ಎಂದು ಅಲಕ್ಷಿಸಿದರೆ ನರಗಳಿಗಾದ ಹಾನಿಯು ಶಾಶ್ವತವಾಗಿ ಉಳಿಯಬಹುದು. ಗರ್ಭಿಣಿಯರಲ್ಲಿ ಈ ಕೊರತೆಯಾದರೆ ಶಿಶುವಿಗೂ ಬಾಧೆಯುಂಟು. ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಔಷಧಿಯ ಬಿ-12 ಅನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಆದುದರಿಂದ ಮಡಿವಂತರು ಸಂಕೋಚಪಡಬೇಕಾಗಿಲ್ಲ. ಕ್ಯಾಪ್ಸೂಲಿನ ಹೊರಕವಚವು ಪ್ರಾಣಿಜನ್ಯವಾದ ಜೆಲಾಟಿನ್ ಆಗಿರುವುದುಂಟು. ಅಂಥದನ್ನು ಬಯಸದವರು ವೈದ್ಯರಿಗೆ ಹೇಳಿ ಗುಳಿಗೆಯನ್ನೋ ಇಂಜೆಕ್ಷನ್ನನ್ನೋ ಪಡೆಯಬಹುದು.

ಇನ್ನು ವ್ರತದ ವಿಚಾರ. ಮೊದಲ ತಿಂಗಳಲ್ಲಿ ಕಾಯಿಪಲ್ಯ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯಗಳು ವರ್ಜ್ಯ. ವ್ರತದ ಉದ್ದೇಶ ಶ್ರೀಹರಿಯ ಪ್ರೀತಿಯೇ ಹೊರತು ಶರೀರಪೋಷಣೆಯಲ್ಲ. ಆದರೂ ಈ ಕ್ರಮವನ್ನು ಗಮನಿಸಬೇಕು. ಮೊಸರು ಬಿಟ್ಟ ತಿಂಗಳಲ್ಲಿ ಹಾಲು ಉಂಟು. ಹಾಲು ಬಿಟ್ಟ ತಿಂಗಳಲ್ಲಿ ಮೊಸರು ಉಂಟು. ಬೇಳೆಕಾಳು ಬಿಟ್ಟಾಗ ಎರಡೂ ಉಂಟು. ಉಳಿದದ್ದನ್ನು ಸಾಕಷ್ಟು ಸೇವಿಸಿದರೆ ಶರೀರವು ಸೊರಗದು. ಬೇಳೆಯಿಲ್ಲದ ತಿಂಗಳಲ್ಲಿ ಬರೀ ಅನ್ನ, ಅವಲಕ್ಕಿ, ಕರಿದ ತಿಂಡಿಗಳಿಂದ ಹೊಟ್ಟೆ ತುಂಬಿಸುವುದು ಯುಕ್ತವಲ್ಲ. ರೋಗಿಗಳೂ ಗರ್ಭಿಣಿಯರೂ ತಮ್ಮ ಶಕ್ತಿಯನ್ನರಿತು, ವೈದ್ಯರನ್ನೂ ಪುರೋಹಿತರನ್ನೂ ಕೇಳಿ ನಡೆಯಬೇಕು.

ಕೃಷ್ಣಾತೀರದ ಉಗಾರದ ಸೀಮೆಯಲ್ಲಿ ಜೋಳದ ಭಕ್ಕರಿ, ಮಡಿಕೆಕಾಳು, ಹೆಸರುಕಾಳು, ಪುಂಡಿಪಲ್ಯ, ಅಗಸಿಯ ಚಟ್ನಿ, ಮೊಸರು ಇವೆಲ್ಲವೂ ಹಳೆಯ ಊಟದಲ್ಲಿದ್ದವು. ನಾರು, ಕಬ್ಬಿಣ, ಸಸಾರಜನಕಗಳು ಅದರಲ್ಲಿಯೇ ದೊರೆಯುತ್ತಿದ್ದವು. ವ್ರತವಿಲ್ಲದ ದಿನಗಳಲ್ಲಿ ಪಲ್ಯ, ಕಾಳುಗಳ ಮೇಲೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣವು ಚೆನ್ನಾಗಿ ಮೈಗೂಡುತ್ತದೆ. ಊಟವಾದೊಡನೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಸುತ್ತಲೂ ಕಬ್ಬಿನ ಗದ್ದೆ, 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರಖಾನೆ ಇರುವ ಈ ನಾಡಿನಲ್ಲಿ ಸಿಹಿಗೇನೂ ಬರವಿಲ್ಲ. ಆದರೆ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ಬೆಲ್ಲವೂ ಸಕ್ಕರೆಯಂತೆಯೇ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ನೈವೇದ್ಯದ ಪಾಯಸವನ್ನು ಪ್ರಸಾದವೆಂದು ಒಂದು ಉದ್ಧರಣೆಯಷ್ಟು ಸ್ವೀಕರಿಸಿದರೂ ಭಕ್ತಿಗೆ ಲೋಪವಿಲ್ಲ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ರಕ್ತದೊತ್ತಡವನ್ನು ಹೆಚ್ಚಿಸುವುದರಿಂದ ಅಲ್ಲಿಯೂ ಮಿತಿ ಇರಲಿ.

ಮಾಂಸವನ್ನು ಬಿಟ್ಟದ್ದು ನಮ್ಮ ಹಿರಿಯರು ನಮಗೆ ಕೊಟ್ಟ ಸಂಪತ್ತು. ಅದರ ಫಲವು ಶರೀರಕ್ಕೂ ದೊರೆಯಬೇಕಾದರೆ, ಎಲೆಯ ಮೇಲೆ ಏನಿಲ್ಲವೆಂಬುದರ ಜೊತೆಗೆ ಏನಿದೆ, ಎಷ್ಟಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಸಾಧನೆಗೆಂದು ಭಗವಂತನು ಕೊಟ್ಟ ಈ ಶರೀರವನ್ನು ಕಾಪಾಡಿಕೊಳ್ಳುವುದೂ ಅವನ ಸೇವೆಯೇ ಆಗಿದೆ.

ಶ್ರೀಕೃಷ್ಣಾರ್ಪಣಮಸ್ತು.